ಸಿಟ್ರೇಟ್ ಬೇಕು, ಆದರೆ ಯಾವ ರೂಪದಲ್ಲಿ? ಕ್ಯಾಲ್ಸಿಯಂ ಕಲ್ಲು ಮರುಕಳಿಸುವವರಿಗೆ ಒಂದು ಹೋಲಿಕೆ

ಮೂತ್ರಪಿಂಡದ ಕಲ್ಲಿನ ನೋವನ್ನು ಒಮ್ಮೆ ಉಂಡವರು ಅದು ಮರಳಿ ಬಾರದಿರಲು ಏನು ಮಾಡಲೂ ಸಿದ್ಧರಿರುತ್ತಾರೆ. ಹೊರಬಂದ ಕಲ್ಲು ಕ್ಯಾಲ್ಸಿಯಂ ಕಲ್ಲೆಂದೂ, ಮೂತ್ರದಲ್ಲಿ ಸಿಟ್ರೇಟ್ ಕಡಿಮೆ ಇದೆಯೆಂದೂ ಪರೀಕ್ಷೆಯಲ್ಲಿ ತಿಳಿದ ಮೇಲೆ ಅವರ ಮುಂದೆ ಒಮ್ಮೆಲೇ ಹಲವು ದಾರಿಗಳು ತೆರೆದುಕೊಳ್ಳುತ್ತವೆ: ವೈದ್ಯರು ಬರೆದುಕೊಟ್ಟ ಪೊಟ್ಯಾಸಿಯಂ ಸಿಟ್ರೇಟ್ ಮಾತ್ರೆ, ಅದೇ ಔಷಧದ ಸಿರಪ್ಪು, ಹಿಂದೊಮ್ಮೆ ಉರಿಮೂತ್ರಕ್ಕೆಂದು ತಂದು ಮನೆಯಲ್ಲಿ ಉಳಿದಿರುವ ಮತ್ತೊಂದು ಸಿರಪ್ಪು, ಅಡಿಗೆ ಸೋಡಾ, ನಿಂಬೆರಸ, ಕಿತ್ತಳೆ ರಸ. ಮೂತ್ರದ ಸಿಟ್ರೇಟನ್ನು ಹೆಚ್ಚಿಸುತ್ತದೆ ಎಂಬ ಮಾತು ಇವೆಲ್ಲದರ ಬಗ್ಗೆಯೂ ಕೇಳಿಬರುತ್ತದೆ. ಹಾಗಿದ್ದರೆ ಎಲ್ಲವೂ ಒಂದೇ ಅಲ್ಲವೇ, ಸುಲಭವೂ ಅಗ್ಗವೂ ಆದದ್ದನ್ನು ಆರಿಸಿಕೊಂಡರಾಯಿತಲ್ಲವೇ ಎಂಬ ಪ್ರಶ್ನೆ ಸಹಜ. ಅವು ಒಂದೇ ಅಲ್ಲ. ಸಿಟ್ರೇಟ್ ಎಂದೂ ಒಂಟಿಯಾಗಿ ದೇಹಕ್ಕೆ ಬರುವುದಿಲ್ಲ. ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ ಅಥವಾ ಬರಿಯ ಆಮ್ಲದ ಹೈಡ್ರೋಜನ್, ಇವುಗಳಲ್ಲಿ ಯಾವುದಾದರೊಂದು ಅದರ ಜೊತೆಗಾರನಾಗಿ ಬಂದೇ ಬರುತ್ತದೆ. ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಹೆಚ್ಚಾಗಿ ಆ ಜೊತೆಗಾರನೇ.

ಸಿಟ್ರೇಟ್ ಮಾಡುವ ಕೆಲಸ

ಕ್ಯಾಲ್ಸಿಯಂ ಕಲ್ಲು ಹುಟ್ಟುವುದು ಮೂತ್ರದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಕಣಗಳು ಆಕ್ಸಲೇಟ್ ಅಥವಾ ಫಾಸ್ಫೇಟಿನೊಡನೆ ಸೇರಿ ಹರಳುಗಟ್ಟಿದಾಗ. ಸಿಟ್ರೇಟ್ ಈ ಕ್ಯಾಲ್ಸಿಯಂಗೆ ತಾನೇ ಮೊದಲು ಅಂಟಿಕೊಂಡು ನೀರಿನಲ್ಲಿ ಕರಗುವ ಸಂಯುಕ್ತವೊಂದನ್ನು ಕಟ್ಟುತ್ತದೆ. ಹಾಗೆ ಕಟ್ಟಿಹಾಕಿಸಿಕೊಂಡ ಕ್ಯಾಲ್ಸಿಯಂ ಆಕ್ಸಲೇಟಿನ ಕೈಗೆ ಸಿಗುವುದಿಲ್ಲ. ಈಗಾಗಲೇ ಹುಟ್ಟಿರುವ ಸಣ್ಣ ಹರಳುಗಳ ಮೈಮೇಲೆ ಕುಳಿತು ಅವು ಬೆಳೆಯದಂತೆ ಮತ್ತು ಒಂದಕ್ಕೊಂದು ಅಂಟಿ ಗಂಟಾಗದಂತೆ ತಡೆಯುವುದು ಅದರ ಎರಡನೆಯ ಕೆಲಸ. ಮೂತ್ರದಲ್ಲಿ ಸಹಜವಾಗಿಯೇ ಇರುವ, ಹರಳುಗಳನ್ನು ತಡೆಯುವ ಯುರೋಮಾಡ್ಯುಲಿನ್ ಎಂಬ ಪ್ರೋಟೀನಿಗೂ ಅದು ಬಲ ನೀಡುತ್ತದೆ.

ಇಲ್ಲಿಯವರೆಗೆ ಸರಳವಾಗಿದೆ. ಆದರೆ ನಾವು ನುಂಗಿದ ಸಿಟ್ರೇಟ್ ನೇರವಾಗಿ ಮೂತ್ರಕ್ಕೆ ಹೋಗಿ ಈ ಕೆಲಸಕ್ಕೆ ನಿಲ್ಲುವುದಿಲ್ಲ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ಅದರ ಬಹುಪಾಲು ದೇಹದೊಳಗೇ ಇಂಧನವಾಗಿ ಉರಿದುಹೋಗುತ್ತದೆ. ಪೊಟ್ಯಾಸಿಯಂ ಅಥವಾ ಸೋಡಿಯಂ ಜೊತೆ ಬಂದ ಸಿಟ್ರೇಟ್ ಹಾಗೆ ಉರಿದಾಗ ಬೈಕಾರ್ಬನೇಟ್ ಉಳಿಯುತ್ತದೆ, ಅಂದರೆ ರಕ್ತಕ್ಕೆ ಕ್ಷಾರ ಸೇರುತ್ತದೆ. ಮೂತ್ರಪಿಂಡದಲ್ಲಿ ಸೋಸಿಹೋದ ಸಿಟ್ರೇಟಿನ ಹೆಚ್ಚಿನ ಭಾಗವನ್ನು ಅಲ್ಲಿನ ಮೊದಲ ಸುರುಳಿನಾಳದ ಕೋಶಗಳು ಮರಳಿ ಹೀರಿಕೊಳ್ಳುವುದು ವಾಡಿಕೆ. ಆ ಕೋಶಗಳಲ್ಲಿ ಆಮ್ಲ ಹೆಚ್ಚಿದ್ದರೆ ಹೀರುವಿಕೆ ಹೆಚ್ಚುತ್ತದೆ, ಕ್ಷಾರ ಹೆಚ್ಚಿದರೆ ಅದು ತಗ್ಗಿ ಸಿಟ್ರೇಟ್ ಮೂತ್ರಕ್ಕೆ ಹೊರಬೀಳುತ್ತದೆ. ಹಾಗಾಗಿ ಮಾತ್ರೆ ನುಂಗಿದ ಮೇಲೆ ಮೂತ್ರದಲ್ಲಿ ಕಾಣುವ ಸಿಟ್ರೇಟಿನಲ್ಲಿ ಬಹುಪಾಲು ಮಾತ್ರೆಯದಲ್ಲ, ಕ್ಷಾರ ಸಿಕ್ಕಿದ ಮೂತ್ರಪಿಂಡ ತಾನಾಗಿ ಬಿಟ್ಟುಕೊಟ್ಟದ್ದು. ಕೆಳಗಿನ ಹೋಲಿಕೆಯೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಹೋಲಿಸುವ ಮೊದಲು ಕೇಳಿಕೊಳ್ಳಬೇಕಾದದ್ದು

ಮೊದಲನೆಯ ಪ್ರಶ್ನೆ, ನಿಮಗೆ ಎಷ್ಟು ಕೊರತೆಯಿದೆ ಎಂಬುದು. ದಿನದ ಮೂತ್ರದಲ್ಲಿ 320 ಮಿಲಿಗ್ರಾಂಗಿಂತ ಕಡಿಮೆ ಸಿಟ್ರೇಟ್ ಇದ್ದರೆ ಅದನ್ನು ಕೊರತೆ ಎಂದು ಗುರುತಿಸುವುದು ಹಳೆಯ ಮತ್ತು ವ್ಯಾಪಕ ರೂಢಿ. ಪುರುಷರಿಗೆ 450, ಮಹಿಳೆಯರಿಗೆ 550 ಎಂಬ ಮೇಲಿನ ಗಡಿಯನ್ನು ಬಳಸುವ ಪ್ರಯೋಗಾಲಯಗಳೂ ಇವೆ. 300ರ ಆಸುಪಾಸಿನಲ್ಲಿರುವವರ ಅಗತ್ಯವೂ 150ಕ್ಕಿಂತ ಕೆಳಗಿಳಿದವರ ಅಗತ್ಯವೂ ಬೇರೆಬೇರೆ. ಜೊತೆಗೆ ಕಾರಣವನ್ನೂ ತಿಳಿಯಬೇಕು. ಮಾಂಸಾಹಾರ ಅತಿಯಾಗಿರುವುದು, ಬಹುಕಾಲದ ಭೇದಿ, ರಕ್ತದಲ್ಲಿ ಪೊಟ್ಯಾಸಿಯಂ ಕುಸಿದಿರುವುದು, ಮೂತ್ರದ ಸೋಂಕು, ಮೂತ್ರನಾಳಿಕೆಗಳೇ ಆಮ್ಲವನ್ನು ಹೊರಹಾಕಲಾರದ ರೋಗ, ಅಪಸ್ಮಾರ ಮತ್ತು ಅರೆತಲೆನೋವಿಗೆ ಕೊಡುವ ಟೋಪಿರಮೇಟ್ ಎಂಬ ಔಷಧ, ಇವೆಲ್ಲವೂ ಸಿಟ್ರೇಟನ್ನು ತಗ್ಗಿಸಬಲ್ಲವು. ಕಾರಣ ಔಷಧವೇ ಆಗಿದ್ದರೆ ಅದನ್ನು ಬದಲಿಸಬಹುದೇ ಎಂದು ವೈದ್ಯರಲ್ಲಿ ಕೇಳುವುದು ಯಾವ ಮಾತ್ರೆಗಿಂತಲೂ ಮೊದಲಿನ ಹೆಜ್ಜೆ.

ಎರಡನೆಯದು ಜೊತೆಗಾರನ ಪ್ರಶ್ನೆ: ಈ ರೂಪ ನಿಜವಾಗಿ ಕ್ಷಾರವನ್ನು ತರುತ್ತದೆಯೇ, ತರುವಾಗ ಬೇರೇನನ್ನು ಹೊತ್ತು ತರುತ್ತದೆ? ಮೂರನೆಯದು ಸುರಕ್ಷತೆ: ನಿಮ್ಮ ಮೂತ್ರಪಿಂಡಗಳು ಪೊಟ್ಯಾಸಿಯಂ ಹೊರಹಾಕಬಲ್ಲವೇ, ರಕ್ತದೊತ್ತಡವಿದೆಯೇ, ಸಕ್ಕರೆ ಕಾಯಿಲೆಯಿದೆಯೇ? ಕೊನೆಯದನ್ನು ಜನ ಕಡೆಗಣಿಸುವುದೇ ಹೆಚ್ಚು: ಇದನ್ನು ನೀವು ವರ್ಷಗಟ್ಟಲೆ ಮಾಡಬಲ್ಲಿರಾ? ಕಲ್ಲು ತಡೆಯುವ ಚಿಕಿತ್ಸೆ ಒಂದು ವಾರದ ಔಷಧವಲ್ಲ. ಮೂರು ತಿಂಗಳಿಗೆ ಬೇಸರವಾಗಿ ಬಿಟ್ಟುಬಿಡುವ ಉತ್ತಮ ಔಷಧಕ್ಕಿಂತ, ಐದು ವರ್ಷ ತಪ್ಪದೆ ನಡೆಸಿಕೊಂಡು ಹೋಗಬಲ್ಲ ಸಾಧಾರಣ ಔಷಧವೇ ಮೇಲೆಂದು ನಾನು ಭಾವಿಸುತ್ತೇನೆ. ಖರ್ಚಿನ ಲೆಕ್ಕವನ್ನೂ ಹೀಗೆಯೇ ಹಾಕಬೇಕು: ಒಂದು ಪಟ್ಟಿ ಮಾತ್ರೆಯ ಬೆಲೆಯಿಂದಲ್ಲ, ವರ್ಷದ ಮಾತ್ರೆಗಳು ಮತ್ತು ನಡುನಡುವಿನ ಪರೀಕ್ಷೆಗಳು ಸೇರಿದ ಮೊತ್ತದಿಂದ.

ಪೊಟ್ಯಾಸಿಯಂ ಸಿಟ್ರೇಟ್ ಮಾತ್ರೆ

ಪುರಾವೆಯ ದೃಷ್ಟಿಯಿಂದ ಇದಕ್ಕೆ ಸಾಟಿಯಾದದ್ದು ಕಡಿಮೆ. ಅಮೆರಿಕದ ಡಲ್ಲಾಸ್‌ನಲ್ಲಿ ಚಾರ್ಲ್ಸ್ ಪಾಕ್ ಮತ್ತು ಅವರ ಸಂಗಡಿಗರು ಬೆಳೆಸಿದ ಈ ನಿಧಾನ ಬಿಡುಗಡೆಯ ಮಾತ್ರೆಗೆ ಅಲ್ಲಿನ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿದ್ದು 1985ರಲ್ಲಿ. 1993ರಲ್ಲಿ ಪ್ರಕಟವಾದ ಬಾರ್ಸೆಲೊ ಮತ್ತು ಸಂಗಡಿಗರ ಪ್ರಯೋಗದಲ್ಲಿ ಸಿಟ್ರೇಟ್ ಕೊರತೆಯಿದ್ದ 57 ಮಂದಿಗೆ ಮೂರು ವರ್ಷ ಈ ಔಷಧವನ್ನೋ ಹುಸಿ ಮಾತ್ರೆಯನ್ನೋ ಕೊಡಲಾಯಿತು. ಔಷಧ ಪಡೆದವರಲ್ಲಿ ಒಬ್ಬರಿಗೆ ವರ್ಷಕ್ಕೆ ಸರಾಸರಿ 1.2ರಷ್ಟಿದ್ದ ಹೊಸ ಕಲ್ಲುಗಳು 0.1ಕ್ಕೆ ಇಳಿದವು, ಹುಸಿ ಮಾತ್ರೆಯವರಲ್ಲಿ 1.1 ಇದ್ದದ್ದು 1.1 ಆಗಿಯೇ ಉಳಿಯಿತು. ಪ್ರಯೋಗ ಸಣ್ಣದು, ಮೂರು ವರ್ಷ ಪೂರೈಸಿದವರು 38 ಮಂದಿ ಮಾತ್ರ ಎಂಬುದನ್ನೂ ಹೇಳಲೇಬೇಕು. ಆದರೂ ವ್ಯತ್ಯಾಸ ಕಣ್ಣಿಗೆ ಹೊಡೆಯುವಂಥದ್ದು.

ಇಲ್ಲಿ ಜೊತೆಗಾರ ಪೊಟ್ಯಾಸಿಯಂ. ಕ್ಷಾರ ಪೂರ್ತಿಯಾಗಿ ಸಿಗುತ್ತದೆ, ಮೂತ್ರದ ಕ್ಯಾಲ್ಸಿಯಂ ಏರುವುದಿಲ್ಲ, ಕೆಲವೊಮ್ಮೆ ತಗ್ಗುವುದೂ ಉಂಟು. ಪೊಟ್ಯಾಸಿಯಂ ಕೊರತೆಯೇ ಸಿಟ್ರೇಟ್ ತಗ್ಗಿಸುವ ಕಾರಣಗಳಲ್ಲೊಂದಾದ್ದರಿಂದ ಆ ಕೊರತೆಯೂ ನೀಗುತ್ತದೆ. ಮೂತ್ರದ ಕ್ಯಾಲ್ಸಿಯಂ ತಗ್ಗಿಸಲು ಥಯಝೈಡ್ ಜಾತಿಯ ಔಷಧ ತೆಗೆದುಕೊಳ್ಳುವವರಿಗೆ ಇದು ವಿಶೇಷವಾಗಿ ಒಪ್ಪುತ್ತದೆ. ಆ ಔಷಧ ದೇಹದ ಪೊಟ್ಯಾಸಿಯಂ ಕಳೆಯುವುದರಿಂದ, ಜೊತೆಯಲ್ಲಿ ಇದಿಲ್ಲದಿದ್ದರೆ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಸಿದುಕೊಂಡಂತಾಗುತ್ತದೆ.

ಪ್ರಮಾಣವನ್ನು ಮಿಲಿಈಕ್ವಿವಲೆಂಟ್ ಎಂಬ ಅಳತೆಯಲ್ಲಿ ಬರೆಯುತ್ತಾರೆ. 1080 ಮಿಲಿಗ್ರಾಂ ಮಾತ್ರೆಯೆಂದರೆ 10 ಮಿಲಿಈಕ್ವಿವಲೆಂಟ್. ಸಿಟ್ರೇಟ್ ದಿನಕ್ಕೆ 150 ಮಿಲಿಗ್ರಾಂಗಿಂತ ಮೇಲಿರುವವರಿಗೆ ದಿನಕ್ಕೆ 30ರಿಂದಲೂ, ಅದಕ್ಕಿಂತ ಕೆಳಗಿರುವವರಿಗೆ 60ರಿಂದಲೂ ಆರಂಭಿಸುವುದು ಸಾಮಾನ್ಯ ಕ್ರಮ. ಅಂದರೆ ದಿನಕ್ಕೆ ಮೂರರಿಂದ ಆರು ದೊಡ್ಡ ಮಾತ್ರೆಗಳು, ಎರಡು ಮೂರು ಹೊತ್ತಿಗೆ ಹಂಚಿ, ಊಟದ ಜೊತೆಗೆ. ಈ ಔಷಧದ ನಿಜವಾದ ತೊಡಕೂ ಇದೇ. ಹೊಟ್ಟೆ ತೊಳಸು, ವಾಕರಿಕೆ, ಭೇದಿ ಕೆಲವರನ್ನು ಕಾಡುತ್ತವೆ. ಊಟದೊಡನೆ ತೆಗೆದುಕೊಂಡರೆ ತಗ್ಗುತ್ತವೆ. ಮಾತ್ರೆಯನ್ನು ಅಗಿಯಬಾರದು, ಪುಡಿ ಮಾಡಬಾರದು. ಮೇಣದಂಥ ಅದರ ಹೊರಕವಚ ಮಲದಲ್ಲಿ ಇಡಿಯಾಗಿ ಕಾಣಿಸಿಕೊಂಡರೆ ಗಾಬರಿಪಡಬೇಕಿಲ್ಲ, ಔಷಧ ಅದರೊಳಗಿಂದ ಆಗಲೇ ಕರಗಿ ಹೋಗಿರುತ್ತದೆ.

ಯಾರಿಗೆ ಇದು ಸಲ್ಲದು ಎಂಬುದನ್ನು ಗಟ್ಟಿಯಾಗಿ ಹೇಳಬೇಕು. ಮೂತ್ರಪಿಂಡಗಳ ಕೆಲಸ ಬಹಳ ಕುಗ್ಗಿರುವವರಲ್ಲಿ ಪೊಟ್ಯಾಸಿಯಂ ರಕ್ತದಲ್ಲಿ ಶೇಖರವಾಗಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ರಕ್ತದೊತ್ತಡಕ್ಕೆಂದು ಎನಲಾಪ್ರಿಲ್, ಲೋಸಾರ್ಟನ್ ಅಥವಾ ಸ್ಪೈರೊನೊಲ್ಯಾಕ್ಟೋನ್ ಜಾತಿಯ ಔಷಧ ತೆಗೆದುಕೊಳ್ಳುವವರಲ್ಲೂ ಅದೇ ಅಪಾಯವಿರುವುದರಿಂದ ರಕ್ತಪರೀಕ್ಷೆಯಿಲ್ಲದೆ ಆರಂಭಿಸಲೇಬಾರದು. ಹೊಟ್ಟೆಹುಣ್ಣು ಇರುವವರಿಗೆ, ಜಠರ ನಿಧಾನವಾಗಿ ಖಾಲಿಯಾಗುವವರಿಗೆ ಮತ್ತು ಮೂತ್ರದ ಸೋಂಕು ಇನ್ನೂ ಇರುವವರಿಗೆ ಈ ಮಾತ್ರೆ ಹೊಂದುವುದಿಲ್ಲ.

ಸಿರಪ್ಪುಗಳು: ಹಣೆಪಟ್ಟಿ ಓದದೆ ಕುಡಿಯಬೇಡಿ

ಮಾತ್ರೆ ನುಂಗಲಾರದವರಿಗೆ ಮತ್ತು ಭೇದಿಯಿಂದಾಗಿ ಮಾತ್ರೆ ಕರಗುವ ಮೊದಲೇ ಹೊರಹೋಗುವವರಿಗೆ ದ್ರವರೂಪವೇ ಸೂಕ್ತ. ಪ್ರಚಲಿತವಾದ ಒಂದು ತಯಾರಿಕೆಯಲ್ಲಿ 5 ಮಿಲಿಲೀಟರಿಗೆ 1100 ಮಿಲಿಗ್ರಾಂ ಪೊಟ್ಯಾಸಿಯಂ ಸಿಟ್ರೇಟ್, 334 ಮಿಲಿಗ್ರಾಂ ಸಿಟ್ರಿಕ್ ಆಮ್ಲ ಇರುತ್ತವೆ. ಅಂದರೆ ಒಂದು ಚಿಕ್ಕ ಚಮಚ ಒಂದು 1080 ಮಿಲಿಗ್ರಾಂ ಮಾತ್ರೆಗೆ ಸರಿಸುಮಾರು ಸಮ. ನೀರಿನಲ್ಲಿ ಚೆನ್ನಾಗಿ ಬೆರೆಸಿ ಕುಡಿಯಬೇಕು. ರುಚಿ ಎಲ್ಲರಿಗೂ ಹಿಡಿಸುವುದಿಲ್ಲ, ಮಾತ್ರೆಗಿಂತ ಬೇಗ ಹೀರಿಕೆಯಾಗುವುದರಿಂದ ಪರಿಣಾಮವೂ ಬೇಗ ಇಳಿಯುತ್ತದೆ, ಹೀಗಾಗಿ ದಿನಕ್ಕೆ ಮೂರು ನಾಲ್ಕು ಬಾರಿ ಬೇಕಾಗಬಹುದು. ಪೊಟ್ಯಾಸಿಯಂ ಕುರಿತ ಎಚ್ಚರಿಕೆಗಳೆಲ್ಲ ಇಲ್ಲಿಗೂ ಅನ್ವಯಿಸುತ್ತವೆ.

ಉರಿಮೂತ್ರಕ್ಕೆ ಕೊಡುವ ಹಲವು ಸಿರಪ್ಪುಗಳಲ್ಲಿ ಇರುವುದು ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್. ಬಾಟಲಿ ಒಂದೇ ಬಗೆಯದು, ಹೆಸರಿನ ಕೊನೆಯಲ್ಲಿ ಸಿಟ್ರೇಟ್ ಎಂಬುದೂ ಇದೆ, ಆದರೆ ಜೊತೆಗಾರ ಸೋಡಿಯಂ. ಅಡಿಗೆ ಸೋಡಾದಲ್ಲೂ ಇರುವುದು ಸೋಡಿಯಮ್ಮೇ. ಇವೆರಡೂ ಕ್ಷಾರ ಕೊಡುತ್ತವೆ, ಮೂತ್ರದ ಸಿಟ್ರೇಟನ್ನೂ ಏರಿಸುತ್ತವೆ, ಅದನ್ನು ಅಲ್ಲಗಳೆಯುವಂತಿಲ್ಲ. ತೊಂದರೆ ಇರುವುದು ಸೋಡಿಯಂ ಹೊರಹೋಗುವಾಗ ಕ್ಯಾಲ್ಸಿಯಮ್ಮನ್ನೂ ತನ್ನೊಡನೆ ಮೂತ್ರಕ್ಕೆ ಎಳೆದೊಯ್ಯುವುದರಲ್ಲಿ. ದಿನಕ್ಕೆ 60 ಮಿಲಿಈಕ್ವಿವಲೆಂಟ್ ಕ್ಷಾರವನ್ನು ಸೋಡಿಯಂ ರೂಪದಲ್ಲಿ ತೆಗೆದುಕೊಂಡರೆ ಸುಮಾರು 3.5 ಗ್ರಾಂ ಉಪ್ಪಿನಲ್ಲಿರುವಷ್ಟು ಸೋಡಿಯಂ ದೇಹಕ್ಕೆ ಸೇರಿದಂತಾಗುತ್ತದೆ. ಉಪ್ಪು ಕಡಿಮೆ ಮಾಡಿ ಎಂದು ಕಲ್ಲಿನ ರೋಗಿಗೆ ಮೊದಲ ದಿನವೇ ಹೇಳುವ ಮಾತಿಗೆ ಇದು ನೇರ ವಿರುದ್ಧ. ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡೂ ಬೆರೆತ ಸಿಟ್ರೇಟನ್ನು 50 ಮಂದಿಯಲ್ಲಿ ಮೂರು ವರ್ಷ ಪರೀಕ್ಷಿಸಿದ, 1994ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಲ್ಲು ಮರುಕಳಿಸುವುದರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅದಕ್ಕೆ ಸೋಡಿಯಮ್ಮೇ ಕಾರಣ ಎಂದು ಆ ಒಂದು ಪ್ರಯೋಗದಿಂದ ಖಚಿತವಾಗಿ ಹೇಳಲಾಗದು, ಆದರೂ ಎಚ್ಚರ ವಹಿಸಲು ಅಷ್ಟು ಸಾಕು.

ಹಾಗೆಂದು ಸೋಡಿಯಂ ರೂಪಕ್ಕೆ ಜಾಗವೇ ಇಲ್ಲವೆಂದಲ್ಲ. ಪೊಟ್ಯಾಸಿಯಂ ತೆಗೆದುಕೊಳ್ಳಲೇಬಾರದವರಿಗೆ ಕ್ಷಾರ ಬೇಕಾದಾಗ ವೈದ್ಯರು ಇದನ್ನೇ ಆರಿಸುತ್ತಾರೆ, ಏಕೆಂದರೆ ಅಲ್ಲಿ ಹೃದಯದ ಸುರಕ್ಷತೆ ಮೊದಲು, ಮೂತ್ರದ ಕ್ಯಾಲ್ಸಿಯಂ ಅನಂತರ. ಅಡಿಗೆ ಸೋಡಾ ಬಹಳ ಅಗ್ಗವೆಂಬುದೂ ನಿಜ. ಒಂದು ಗ್ರಾಂನಲ್ಲಿ ಸುಮಾರು 12 ಮಿಲಿಈಕ್ವಿವಲೆಂಟ್ ಕ್ಷಾರವಿದೆ. ಆದರೆ ರಕ್ತದೊತ್ತಡ, ಹೃದಯದ ದೌರ್ಬಲ್ಯ ಅಥವಾ ಕಾಲು ಬಾವು ಇರುವವರು ಅಗ್ಗವೆಂಬ ಒಂದೇ ಕಾರಣಕ್ಕೆ ಅದರ ಕಡೆ ಹೊರಳಬಾರದು. ಮೂತ್ರಪಿಂಡಗಳ ಕೆಲಸ ಸರಿಯಾಗಿರುವ ಸಾಮಾನ್ಯ ರೋಗಿಗೆ ಅದನ್ನು ನಾನು ಸೂಚಿಸುವುದಿಲ್ಲ.

ನಿಂಬೆರಸದ ಲೆಕ್ಕ

ಹೆಚ್ಚು ಜನರ ಆಸೆ ಇರುವುದು ಇಲ್ಲಿ, ಅದು ಸಹಜವೂ ಹೌದು. ನಿಂಬೆರಸದಲ್ಲಿ ಲೀಟರಿಗೆ ಸುಮಾರು 48 ಗ್ರಾಂ ಸಿಟ್ರಿಕ್ ಆಮ್ಲವಿದೆ. 1784ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಈ ಆಮ್ಲವನ್ನು ಮೊದಲು ಬೇರ್ಪಡಿಸಿದ್ದೂ ನಿಂಬೆರಸದಿಂದಲೇ. ಬರಿಯ ಅಂಕೆ ನೋಡಿದರೆ 120 ಮಿಲಿಲೀಟರ್ ನಿಂಬೆರಸದಲ್ಲಿರುವ ಸಿಟ್ರೇಟ್, ಆರು ಮಾತ್ರೆಗಳಲ್ಲಿ ಸಿಗುವುದಕ್ಕಿಂತ ಹೆಚ್ಚು. ಹಾಗಿದ್ದರೂ ಮೂತ್ರದ ಸಿಟ್ರೇಟನ್ನು ಏರಿಸುವುದರಲ್ಲಿ ಅದು ಮಾತ್ರೆಗಳ ಸಮಕ್ಕೆ ಬರುವುದಿಲ್ಲ. ಉತ್ತರ ಮತ್ತೆ ಜೊತೆಗಾರನಲ್ಲಿದೆ. ನಿಂಬೆಯಲ್ಲಿ ಸಿಟ್ರೇಟಿನ ಜೊತೆಗಿರುವುದು ಬಹುಪಾಲು ಹೈಡ್ರೋಜನ್, ಅಂದರೆ ಆಮ್ಲ. ದೇಹದಲ್ಲಿ ಸಿಟ್ರೇಟ್ ಉರಿದು ಹುಟ್ಟುವ ಕ್ಷಾರವನ್ನು ಅದರೊಡನೆಯೇ ಬಂದ ಆಮ್ಲ ಸರಿದೂಗಿಸಿಬಿಡುತ್ತದೆ. ಉಳಿಯುವ ಲಾಭ, ರಸದಲ್ಲಿರುವ ಅಲ್ಪ ಪೊಟ್ಯಾಸಿಯಂನಿಂದ ಬರುವ ಕ್ಷಾರ ಮತ್ತು ಉರಿಯದೆ ನೇರವಾಗಿ ಮೂತ್ರಕ್ಕೆ ಸೇರುವ ಸಣ್ಣ ಪಾಲು.

ಪ್ರಯೋಗಗಳ ಫಲ ಮಿಶ್ರವಾಗಿರುವುದು ಹೀಗಾಗಿಯೇ. 1996ರ ಒಂದು ಅಧ್ಯಯನದಲ್ಲಿ ಸಿಟ್ರೇಟ್ ಕೊರತೆಯಿದ್ದ 12 ಮಂದಿ ಸುಮಾರು 120 ಮಿಲಿಲೀಟರ್ ನಿಂಬೆರಸವನ್ನು ಎರಡು ಲೀಟರ್ ನೀರಿಗೆ ಬೆರೆಸಿ ದಿನವಿಡೀ ಕುಡಿದಾಗ ಮೂತ್ರದ ಸಿಟ್ರೇಟ್ ಸರಾಸರಿ 142ರಿಂದ 346 ಮಿಲಿಗ್ರಾಂಗೆ ಏರಿತು. 2006ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಕಿತ್ತಳೆ ರಸವನ್ನೂ ನಿಂಬೆ ಪಾನಕವನ್ನೂ ಹೋಲಿಸಿ, ಮೂತ್ರದ ಸಿಟ್ರೇಟನ್ನೂ, ಪಿಎಚ್ ಅನ್ನೂ (ಆಮ್ಲ-ಕ್ಷಾರದ ಅಳತೆ; ಕ್ಷಾರ ಹೆಚ್ಚಿದಂತೆ ಏರುತ್ತದೆ) ಏರಿಸಿದ್ದು ಕಿತ್ತಳೆ ಮಾತ್ರ ಎಂದು ತೋರಿಸಿತು. ಇಟಲಿಯ ಸಂಶೋಧಕರು 203 ಮಂದಿಯಲ್ಲಿ ಎರಡು ವರ್ಷ ನಡೆಸಿದ ದೊಡ್ಡ ಪ್ರಯೋಗದಲ್ಲಿ ದಿನಕ್ಕೆರಡು ಬಾರಿ 60 ಮಿಲಿಲೀಟರ್ ತಾಜಾ ನಿಂಬೆರಸ ಕುಡಿದ 100 ಮಂದಿಯಲ್ಲಿ 21 ಜನರಿಗೂ, ಕುಡಿಯದ 103 ಮಂದಿಯಲ್ಲಿ 32 ಜನರಿಗೂ ಕಲ್ಲು ಮರುಕಳಿಸಿತು. ವ್ಯತ್ಯಾಸ ನಿಂಬೆಯ ಕಡೆಗೇ ವಾಲಿದರೂ, ಆಕಸ್ಮಿಕವಲ್ಲ ಎಂದು ಹೇಳುವಷ್ಟು ದೃಢವಾಗಿರಲಿಲ್ಲ. ದಿನವೂ ಅಷ್ಟು ಹುಳಿ ಕುಡಿಯುವುದನ್ನು ಕಾಲ ಕಳೆದಂತೆ ಹಲವರು ಬಿಟ್ಟರು ಎಂಬುದು ಆ ಪ್ರಯೋಗದ ದೊಡ್ಡ ಪಾಠಗಳಲ್ಲೊಂದು.

ಹಾಗಾದರೆ ನಿಂಬೆಯನ್ನು ಬಿಡಬೇಕೆ? ಬೇಡ. ಕೊರತೆ ಸ್ವಲ್ಪವೇ ಇದ್ದು, ಬರಿ ನೀರು ಹೆಚ್ಚು ಕುಡಿಯಲಾಗದವರಿಗೆ ನಿಂಬೆ ನೀರಿನ ರುಚಿ ದೊಡ್ಡ ಸಹಾಯ. ಸಿಟ್ರೇಟ್ ಕೊರತೆಯಿರಲಿ ಇಲ್ಲದಿರಲಿ, ನೀರೇ ಮೊದಲ ಔಷಧ: 199 ಮಂದಿಯನ್ನು ಐದು ವರ್ಷ ಗಮನಿಸಿದ ಬೋರ್ಗಿ ಮತ್ತು ಸಂಗಡಿಗರ ಪ್ರಯೋಗದಲ್ಲಿ ಹೆಚ್ಚು ನೀರು ಕುಡಿದವರಲ್ಲಿ ಶೇ 12ರಷ್ಟು ಮಂದಿಗೆ ಕಲ್ಲು ಮರುಕಳಿಸಿದರೆ ಉಳಿದವರಲ್ಲಿ ಶೇ 27ರಷ್ಟು ಮಂದಿಗೆ ಮರುಕಳಿಸಿತು. ದಿನಕ್ಕೆ ಎರಡೂವರೆ ಲೀಟರ್ ಮೂತ್ರವಾಗುವಷ್ಟು ಕುಡಿಯುವುದು ಗುರಿ. ನಿಂಬೆಗೆ ಸಕ್ಕರೆಯನ್ನೂ ಉಪ್ಪನ್ನೂ ಬೆರೆಸಬಾರದು; ಎರಡೂ ಮೂತ್ರದ ಕ್ಯಾಲ್ಸಿಯಂ ಏರಿಸುತ್ತವೆ. ಹಲ್ಲಿನ ಎನಾಮಲ್ ಸವೆಯದಂತೆ ಚೆನ್ನಾಗಿ ನೀರು ಬೆರೆಸಿ, ಸಾಧ್ಯವಾದರೆ ಕೊಳವೆಯಿಂದ ಕುಡಿದು, ಬಳಿಕ ಬಾಯಿ ಮುಕ್ಕಳಿಸಬೇಕು. ಎದೆಯುರಿ ಇರುವವರಿಗೆ ಇದು ಹೇಳಿಸಿದ್ದಲ್ಲ.

ಕಿತ್ತಳೆ, ಮತ್ತು ತಟ್ಟೆಯಲ್ಲಿರುವ ಕ್ಷಾರ

ಕಿತ್ತಳೆಯಲ್ಲಿ ಸಿಟ್ರೇಟಿನ ಒಂದು ದೊಡ್ಡ ಪಾಲು ಪೊಟ್ಯಾಸಿಯಂ ಜೊತೆಗಿದೆ, ಅದಕ್ಕೇ ಅದು ಗೆದ್ದದ್ದು. ಬೆಲೆ ತೆರಬೇಕಾದದ್ದು ಸಕ್ಕರೆಯ ರೂಪದಲ್ಲಿ. ಮೂರು ಮಾತ್ರೆಯಷ್ಟು ಪೊಟ್ಯಾಸಿಯಂ ಸಿಗಬೇಕೆಂದರೆ ಸುಮಾರು 600 ಮಿಲಿಲೀಟರ್ ರಸ ಬೇಕು, ಅದರೊಡನೆ ಸುಮಾರು 50 ಗ್ರಾಂ ಸಕ್ಕರೆ ಒಳಹೋಗುತ್ತದೆ. ಮಧುಮೇಹವಿರುವವರಿಗೆ, ತೂಕ ಇಳಿಸಬೇಕಾದವರಿಗೆ ಇದು ಸಲ್ಲದ ವ್ಯಾಪಾರ. ತೆಳ್ಳಗಿರುವ, ಮಾತ್ರೆ ಒಗ್ಗದ ವ್ಯಕ್ತಿಗೆ ದಿನಕ್ಕೊಂದು ಲೋಟ ಸಿಹಿ ಬೆರೆಸದ ರಸ ಒಳ್ಳೆಯ ಪೂರಕ.

ತರಕಾರಿ ಮತ್ತು ಹಣ್ಣುಗಳ ಪಾಲನ್ನು ಹೆಚ್ಚಿಸಿ, ಮಾಂಸ ಮತ್ತು ಉಪ್ಪನ್ನು ತಗ್ಗಿಸುವುದು ಇದಕ್ಕಿಂತ ನಿಧಾನದ ದಾರಿಯಾದರೂ ಬುಡದಿಂದಲೇ ಸರಿಪಡಿಸುವ ದಾರಿ, ಏಕೆಂದರೆ ಮಾಂಸದ ಪ್ರೋಟೀನು ದೇಹದಲ್ಲಿ ಆಮ್ಲವನ್ನು ಹುಟ್ಟಿಸಿ ಮೂತ್ರದ ಸಿಟ್ರೇಟನ್ನು ಇಳಿಸುತ್ತದೆ. ಕ್ಯಾಲ್ಸಿಯಂ ಕಲ್ಲಾದ್ದರಿಂದ ಹಾಲು ಮೊಸರು ಬಿಡಬೇಕೆಂಬ ನಂಬಿಕೆ ಮಾತ್ರ ತಪ್ಪು. 2002ರಲ್ಲಿ ಪ್ರಕಟವಾದ, 120 ಪುರುಷರ ಐದು ವರ್ಷದ ಪ್ರಯೋಗದಲ್ಲಿ ಸಾಧಾರಣ ಪ್ರಮಾಣದ ಕ್ಯಾಲ್ಸಿಯಂ ಸೇವಿಸಿ ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದ 60 ಮಂದಿಯಲ್ಲಿ 12 ಜನರಿಗೆ ಕಲ್ಲು ಮರುಕಳಿಸಿತು, ಕ್ಯಾಲ್ಸಿಯಂ ಕಡಿತ ಮಾಡಿದ 60 ಮಂದಿಯಲ್ಲಿ 23 ಜನರಿಗೆ. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಹಾಕುತ್ತದೆ. ಮೂಳೆಗಾಗಿ ಕ್ಯಾಲ್ಸಿಯಂ ಮಾತ್ರೆ ಬೇಕೇಬೇಕಾದವರು ಕ್ಯಾಲ್ಸಿಯಂ ಸಿಟ್ರೇಟ್ ರೂಪವನ್ನು ಆರಿಸಿ ಊಟದ ಜೊತೆಗೇ ತೆಗೆದುಕೊಳ್ಳುವುದು ಈ ಕಾರಣಕ್ಕೇ ಉತ್ತಮ. ಆದರೆ ಅದನ್ನು ಪೊಟ್ಯಾಸಿಯಂ ಸಿಟ್ರೇಟಿನ ಬದಲಿ ಎಂದು ಎಣಿಸಬಾರದು.

ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಎರಡೂ ಇರುವ ಸಿಟ್ರೇಟಿಗೆ ಒಳ್ಳೆಯ ಪುರಾವೆಯಿದೆ: 1997ರಲ್ಲಿ ಪ್ರಕಟವಾದ, 64 ಮಂದಿಯ ಪ್ರಯೋಗದಲ್ಲಿ ಹುಸಿ ಮಾತ್ರೆಯವರಲ್ಲಿ ಶೇ 63.6 ಮಂದಿಗೆ ಹೊಸ ಕಲ್ಲಾದರೆ ಔಷಧದವರಲ್ಲಿ ಶೇ 12.9 ಮಂದಿಗೆ ಮಾತ್ರ ಆಯಿತು. ಸಿಗುವ ಕಡೆ ಅದನ್ನು ಪೊಟ್ಯಾಸಿಯಂ ಸಿಟ್ರೇಟಿನ ಸರಿಸಮಾನವೆಂದೇ ಎಣಿಸಬಹುದು, ಭೇದಿಯ ತೊಂದರೆಯನ್ನು ಗಮನಿಸುತ್ತಿರಬೇಕು. ಪೂರಕ ಆಹಾರವೆಂದು ಮಾರುವ ಪುಡಿಗಳ ವಿಷಯದಲ್ಲಿ ಹಿಂಬದಿಯ ಅಂಕೆಯನ್ನು ಲೆಕ್ಕ ಹಾಕಿ ನೋಡಿ. 99 ಮಿಲಿಗ್ರಾಂ ಪೊಟ್ಯಾಸಿಯಂ ಇರುವ ಗುಳಿಗೆಯೆಂದರೆ 2.5 ಮಿಲಿಈಕ್ವಿವಲೆಂಟ್ ಮಾತ್ರ. ಕನಿಷ್ಠ ಚಿಕಿತ್ಸಾ ಪ್ರಮಾಣ ಮುಟ್ಟಲು ದಿನಕ್ಕೆ ಹನ್ನೆರಡು ಬೇಕು. ಅಗ್ಗವೆಂದು ಕಂಡದ್ದು ಅಲ್ಲಿಗೆ ದುಬಾರಿಯಾಗುತ್ತದೆ.

ಯಾರಿಗೆ ಯಾವುದು

ಕಲ್ಲು ಎರಡು ಬಾರಿಗಿಂತ ಹೆಚ್ಚು ಮರುಕಳಿಸಿದ್ದು, ಸಿಟ್ರೇಟ್ ಸ್ಪಷ್ಟವಾಗಿ ಕಡಿಮೆಯಿದ್ದು, ಮೂತ್ರಪಿಂಡಗಳ ಕೆಲಸ ಸರಿಯಾಗಿದ್ದರೆ ಪೊಟ್ಯಾಸಿಯಂ ಸಿಟ್ರೇಟನ್ನೇ ಆರಿಸಿ, ನಿಂಬೆಯನ್ನು ನೀರಿನ ರುಚಿಗಷ್ಟೇ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ. ಒಂದೇ ಬಾರಿ ಕಲ್ಲು ಬಂದು, ಸಿಟ್ರೇಟ್ ಗಡಿಯ ಆಸುಪಾಸಿನಲ್ಲಿದ್ದರೆ ನೀರು, ತಟ್ಟೆಯ ಬದಲಾವಣೆ ಮತ್ತು ನಿಂಬೆಯಿಂದ ಮೂರು ತಿಂಗಳು ಪ್ರಯತ್ನಿಸಿ ಮತ್ತೆ ಅಳೆದು ನೋಡುವುದು ನ್ಯಾಯ. ಔಷಧದ ಪೂರ್ತಿ ಪ್ರಮಾಣದ ಖರ್ಚು ಕೈಗೆಟುಕದವರು ವೈದ್ಯರೊಡನೆ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಆಹಾರದ ಕ್ರಮವನ್ನು ಬಿಗಿಗೊಳಿಸಿ, ಅದರ ಮೇಲೆ ಎಷ್ಟು ಕಡಿಮೆ ಮಾತ್ರೆಯಿಂದ ಗುರಿ ಮುಟ್ಟಬಹುದೆಂದು ಪರೀಕ್ಷೆಯಿಂದಲೇ ಕಂಡುಕೊಳ್ಳಬಹುದು. ಪೊಟ್ಯಾಸಿಯಂ ಸಲ್ಲದವರ ದಾರಿಯನ್ನು ಮೂತ್ರಪಿಂಡ ತಜ್ಞರೇ ನಿರ್ಧರಿಸಬೇಕು. ಅಂಥವರಿಗೆ ಕಿತ್ತಳೆ ರಸವೂ ನಿರಪಾಯವಲ್ಲ.

ಕ್ಯಾಲ್ಸಿಯಂ ಫಾಸ್ಫೇಟ್ ಕಲ್ಲಿನವರು ಇನ್ನೊಂದು ಎಳೆಯನ್ನು ಗಮನಿಸಬೇಕು. ಕ್ಷಾರ ಹೆಚ್ಚಿದಾಗ ಸಿಟ್ರೇಟಿನೊಡನೆ ಮೂತ್ರದ ಪಿಎಚ್ ಕೂಡ ಏರುತ್ತದೆ, ಮತ್ತು ಪಿಎಚ್ 7ರ ಕಡೆ ಸಾಗಿದಂತೆ ಫಾಸ್ಫೇಟ್ ಹರಳುಗಟ್ಟುವುದು ಸುಲಭವಾಗುತ್ತದೆ. ಇವರಿಗೆ ಸಿಟ್ರೇಟ್ ನಿಷಿದ್ಧವಲ್ಲ, ಆದರೆ ಪಿಎಚ್ ಏರಿ ಸಿಟ್ರೇಟ್ ಏರದಿದ್ದರೆ ಪ್ರಮಾಣ ತಗ್ಗಿಸುವುದೋ ನಿಲ್ಲಿಸುವುದೋ ಸರಿ. ಆ ತೀರ್ಮಾನಕ್ಕೆ ಆಧಾರ 24 ಗಂಟೆಯ ಮೂತ್ರ ಪರೀಕ್ಷೆಯೇ. ಔಷಧ ಆರಂಭಿಸುವ ಮೊದಲು ಒಮ್ಮೆ, ಆರಂಭಿಸಿ ಕೆಲವು ತಿಂಗಳಾದ ಮೇಲೆ ಒಮ್ಮೆ ಮಾಡಿಸಿ, ಜೊತೆಗೆ ರಕ್ತದ ಪೊಟ್ಯಾಸಿಯಂ ನೋಡಿಸಿ. ಮೂತ್ರ ಹಿಡಿದಿಡುವ ದಿನ ಎಂದಿನಂತೆಯೇ ಉಣ್ಣಿ, ಎಂದಿನಷ್ಟೇ ನೀರು ಕುಡಿಯಿರಿ, ಎಂದಿನ ಮಾತ್ರೆಗಳನ್ನೇ ತೆಗೆದುಕೊಳ್ಳಿ. ಬೆಳಗಿನ ಮೊದಲ ಮೂತ್ರವನ್ನು ಬಿಟ್ಟು, ಆ ಬಳಿಕದ್ದೆಲ್ಲವನ್ನೂ ಮರುದಿನ ಬೆಳಗಿನ ಮೊದಲನೆಯದರ ಸಮೇತ ಡಬ್ಬಿಗೆ ಸೇರಿಸಿ.